ನಲವತ್ತೊಂದನೆಯ ಹೆಸರು

“ಮಷಿನ್ ರಿಪೇರಿಗೆ ಬಂದೀನ್ರಿ,” ಎಂದ, ಬಾಗಿಲಲ್ಲಿ ನಿಂತವನು.

“ಹೌದ್ರಿ, ಗೊತ್ತೈತಿ,” ಎಂದಳು ಗುಣವತಿ, ಆಗಷ್ಟೇ ನಿದ್ದೆಯಿಂದೆದ್ದ ಮಗುವನ್ನು ಮಾತಾಡಿಸುವಷ್ಟು ಮೆತ್ತಗೆ. “ರಿಪೇರಿ ಎಲ್ಲಿ ಓಡಿಹೋಗ್ತೈತಿ? ಒಳಗ ಬರ್ರಿ. ಮೊದಲ ಒಂದ್ ಕಪ್ ಚಹಾ ಕುಡೀರಿ.”

ಅವಳನ್ನು ದೂರುವಂತಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಯಿಂದ ಫೋನ್ ಬಂದಿತ್ತು. ಇವತ್ತು ಹೊಸಬರೊಬ್ಬರು ಬರುತ್ತಾರೆ, ಹೆಸರು ಶಾಂತಪ್ಪ, ಯಾದಗಿರಿ ಕಡೆಯವರು, ಮೊದಲು ಜೀಡಿಮೆಟ್ಲಾದ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದರು. ಕೈಯಲ್ಲಿ ಸದಾ ಒಂದು ಚೀಲ. ಎಲ್ಲಿಗೆ ಹೋದರೂ ರಿಪೇರಿಗೆ ಬಂದಿದ್ದೇನೆ ಅನ್ನುತ್ತಾರೆ. ಹೂಂ ಅನ್ನಿ, ವಾದ ಬೇಡ.

ಇವನ ಕೈಯಲ್ಲೂ ಚೀಲವಿತ್ತು. ಇವನೂ ರಿಪೇರಿ ಅಂದ. ಆಸ್ಪತ್ರೆಯವರು ವಯಸ್ಸು ಹೇಳಿರಲಿಲ್ಲ. ಇವನಿಗೆ ಮೂವತ್ತಾರು ಇದ್ದೀತು. ತಲೆಗೂದಲು ನೀಟಾಗಿ ಬಾಚಿದ್ದ, ಅಂಗಿಯ ಒಂದು ಗುಂಡಿ ಮಾತ್ರ ಬೇರೆ ಬಣ್ಣದ್ದು. ಆ ಗುಂಡಿಯನ್ನು ತಾನೇ ಹಚ್ಚಿಕೊಂಡಿರಬೇಕು ಎಂದುಕೊಂಡಳು ಗುಣವತಿ. ಯಾಕೋ ಅವಳ ಕಣ್ಣು ಅಲ್ಲೇ ನಿಂತಿತು.

ಆ ಮನೆಯ ಹೆಸರು ‘ಅಂಗಳ’. ಮಲ್ಕಾಜ್‌ಗಿರಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿದೆ. ಮನಸ್ಸಿನ ಕಾಯಿಲೆಯಿಂದ ಆಸ್ಪತ್ರೆ ಕಂಡು ಬಂದವರು ಹಗಲೆಲ್ಲ ಅಲ್ಲಿರುತ್ತಾರೆ. ಅಡಿಗೆ ಮಾಡುತ್ತಾರೆ, ಬಟ್ಟೆಯ ಚೀಲ ಹೊಲಿಯುತ್ತಾರೆ, ಜಗಳವಾಡುತ್ತಾರೆ, ನಗುತ್ತಾರೆ, ಸಂಜೆ ಐದಕ್ಕೆ ಮನೆಗೆ ಹೋಗುತ್ತಾರೆ. ಕನ್ನಡ, ತೆಲುಗು, ಹಿಂದಿ ಮೂರೂ ಒಂದೇ ಒಗ್ಗರಣೆಯಲ್ಲಿ ಸಿಡಿಯುತ್ತವೆ. ಅಲ್ಲಿ ಯಾರ ಕೊರಳಲ್ಲೂ ಗುರುತಿನ ಚೀಟಿ ಇಲ್ಲ. ಕೆಲಸಕ್ಕಿರುವವರು ಯಾರು, ಕಾಯಿಲೆಯಿಂದ ಏಳುತ್ತಿರುವವರು ಯಾರು ಎಂದು ನೋಡಿದವರಿಗೆ ತಿಳಿಯಬಾರದು. ನರ್ಸಾಗಿದ್ದು ರಿಟೈರ್ ಆದ ಯಮುನಾಬಾಯಿ ಆ ಮನೆ ಕಟ್ಟಿದಾಗಲೇ ಮಾಡಿದ ನಿಯಮ ಅದು.

ಬಂದವನು ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ಗುಣವತಿಯನ್ನು ಕನಿಕರದಿಂದ ನೋಡಿದ.

“ನೀವು ಇಲ್ಲಿಗೆ ಬಂದು ಭಾಳ ದಿನ ಆತೇನ್ರಿ?”

“ಆರು ವರ್ಷ ಆತ್ರಿ.”

“ಆರು ವರ್ಷ!” ಅವನ ಹುಬ್ಬು ಮೇಲೇರಿತು. “ಮನೀಗೆ ಕಳಸೂದಿಲ್ಲೇನ್ರಿ?”

ಪಾಪ, ಕೂಡಿಹಾಕುತ್ತಾರೆಂದು ಹೆದರಿದ್ದಾನೆ, ಎಂದುಕೊಂಡಳು ಅವಳು. “ದಿನಾ ಸಂಜಿ ಐದಕ್ಕ ಬಿಡ್ತಾರ್ರಿ. ಅಂಜಬ್ಯಾಡ್ರಿ.”

“ಛಲೋ ಆತು, ಛಲೋ ಆತು. ಮನ್ಯಾಗ ಯಾರ ಅದಾರ?”

“ಅವ್ವ ಅದಾಳ. ನಿಮ್ಮ ಮನ್ಯಾಗ?”

ಅವನು ಕಪ್ಪಿನೊಳಗೆ ನೋಡಿದ. “ನಮ್ಮವ್ವ ಹೋಗಿ ಎಂಟು ತಿಂಗಳಾತ್ರಿ.”

“ರಾತ್ರಿ ನಿದ್ದಿ ಬರ್ತೈತೇನ್ರಿ?”

ಗುಣವತಿ ಹೊಸಬರಿಗೆಲ್ಲ ಕೇಳುವ ಪ್ರಶ್ನೆ ಅದು. ಆದರೆ ಅವನು ಥಟ್ಟನೆ ತಲೆಯೆತ್ತಿ ನೋಡಿದ. ಬಾಗಿಲು ತಟ್ಟಿ ತಟ್ಟಿ ಸಾಕಾಗಿ ತಿರುಗಿ ಹೊರಟವನಿಗೆ ಒಳಗಿನಿಂದ ಯಾರೋ ಓ ಅಂದಂತಿತ್ತು ಆ ನೋಟ.

“ಇಲ್ರಿ,” ಅಂದ. “ರೇಡಿಯೋ ಹಚ್ಚಿ ಮಲಗ್ತೀನಿ, ಮನ್ಯಾಗ ಯಾರೋ ಮಾತಾಡಿದಂಗ ಆಗ್ಲಿ ಅಂತ. ಇನ್ನಾ ಇಬ್ಬರಿಗೇ ರೊಟ್ಟಿ ಬಡೀತೀನ್ರಿ. ಉಳದದ್ದನ್ನ ಮುಂಜಾನೆ ನಾನ ತಿಂತೀನಿ. ಇದನ್ನ ಯಾರಿಗೂ ಹೇಳಿಲ್ಲ ನೋಡ್ರಿ. ನಿಮಗ್ಯಾಕ ಹೇಳಿದೆನೋ.”

“ಹೇಳಿದ್ದು ಛಲೋ ಆತು,” ಎಂದು ಅವಳು ದಾಖಲೆ ಪುಸ್ತಕ ತಂದು ಮುಂದಿಟ್ಟಳು. “ಇಲ್ಲಿ ನಿಮ್ಮ ಕೈಯಾರೆ ಹೆಸರು ಬರೀರಿ.”

ನಲವತ್ತು ಹೆಸರುಗಳ ಕೆಳಗೆ, ದುಂಡಗಿನ ಅಕ್ಷರದಲ್ಲಿ ಅವನು ಬರೆದ. ಅಷ್ಟರಲ್ಲಿ ಅಡಿಗೆಮನೆಯಲ್ಲಿ ಹಾಲು ಉಕ್ಕಿತು, ಅವಳು ಓದದೆಯೇ ಪುಸ್ತಕ ಮುಚ್ಚಿ ಓಡಿದಳು. ಓದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ತಿರುಗಿ ಬಂದವಳು ಬಟಾಣಿಯ ಮೊರವನ್ನು ಅವನ ತೊಡೆಯ ಮೇಲಿಟ್ಟು, “ನಿಧಾನಕ್ಕ ಸುಲೀರಿ, ಅವಸರಿಲ್ಲ,” ಅಂದಳು. ಅವನೂ ಮರುಮಾತಾಡದೆ ಸುಲಿಯುತ್ತ ಕುಳಿತ. ಪಕ್ಕದಲ್ಲೇ ಕುಳಿತಿದ್ದ ಕೋಕಿಲಾ ಅವನ ಕೈಯ ವೇಗ ನೋಡಿ, “ಅಬ್ಬಾ, ಎಂಥಾ ಕೈ ಕಳಿಸ್ಯಾರ ಈ ಸಲ!” ಎಂದಳು. ಕೋಕಿಲಾ ಆ ಮನೆಯ ಅತಿ ಹಳೆಯ ಸದಸ್ಯೆ. ಬೆಳಿಗ್ಗೆ ಎರಡು ಗುಳಿಗೆ ನುಂಗುತ್ತಾಳೆ, ದಿನವಿಡೀ ಎಲ್ಲರನ್ನೂ ಆಳುತ್ತಾಳೆ.

ಅರ್ಧ ತಾಸು ಕಳೆದಿರಬೇಕು. ನರೆತ ಮೀಸೆಯ ಮತ್ತೊಬ್ಬರು ಚೀಲ ಹಿಡಿದು ಬಂದು, “ರಿಪೇರಿಗೆ ಬಂದೀನಿ,” ಎಂದರು. “ಬರ್ರಿ ಬರ್ರಿ, ನಿಮ್ಮ ದಾರೀನ ಕಾಯಾಕತ್ತಿದ್ವಿ,” ಎಂದು ಗುಣವತಿ ಅವರನ್ನು ಕೆಟ್ಟುನಿಂತಿದ್ದ ಹೊಲಿಗೆ ಮಷಿನ್ನಿನ ಮುಂದೆ ಕೂರಿಸಿದಳು. ಅವರ ಮುಖ ಹಬ್ಬದ ಮುಖವಾಯಿತು. ಚೀಲದಿಂದ ಒಂದು ಸ್ಕ್ರೂಡ್ರೈವರ್ ತೆಗೆದು, ಮಷಿನ್ನನ್ನು ಬಿಚ್ಚಿ, ಒಂದೊಂದು ತುಂಡನ್ನೂ ಹಳೆಯ ಪೇಪರಿನ ಮೇಲೆ ಸಾಲಾಗಿ ಜೋಡಿಸಿಟ್ಟರು.

ಆಗ, ಮಷಿನ್ ರಿಪೇರಿಗೆ ಹೇಳಿಕಳಿಸಿದ್ದ ನಾಂಪಲ್ಲಿಯ ಅಂಗಡಿಯಿಂದ ಫೋನ್ ಬಂತು. “ಅಮ್ಮಾ, ನಮ್ಮ ಚೇತನಕುಮಾರ ಬಂದು ಮುಟ್ಟಿದ್ನೇನ್ರಿ? ಮಷಿನ್ ಮೆಕ್ಯಾನಿಕ್.”

ಗುಣವತಿ ಪುಸ್ತಕ ತೆರೆದು ನೋಡಿದಳು. ‘ನಲವತ್ತೊಂದು. ಚೇತನಕುಮಾರ. ಕಲಬುರಗಿ.’ ಬಟಾಣಿಯ ಕಡೆ ನೋಡಿದಳು. ಮೊರದ ತುಂಬ ಹಸಿರು ಮುತ್ತು.

“ನೀವು... ಶಾಂತಪ್ಪ ಅಲ್ಲೇನ್ರಿ?”

“ಶಾಂತಪ್ಪ ನಾನು,” ಎಂದರು ನರೆತ ಮೀಸೆಯವರು, ಮಷಿನ್ನಿನ ತುಂಡುಗಳ ನಡುವಿನಿಂದ.

ಚೇತನಕುಮಾರ ಎದ್ದುನಿಂತ. “ಹಂಗಾರ ನೀವು ಇಲ್ಲಿ...”

“ಕೆಲಸ ಮಾಡಾಕಿ ರಿ!”

“ಯಪ್ಪಾ! ನಮ್ಮ ಮಾಲಕರು ಹೇಳಿ ಕಳಿಸಿದ್ರು, ಅಲ್ಲಿ ಯಾರೇನಂದ್ರೂ ಹೂಂ ಅನ್ನು, ಎದುರಾಡಬ್ಯಾಡ ಅಂತ. ಅದಕ್ಕ ಬಟಾಣಿ ಅಂದ್ರೂ ಹೂಂ, ಸಹಿ ಅಂದ್ರೂ ಹೂಂ. ಗೇಟಿನ ಪುಸ್ತಕ ಅನ್ಕೊಂಡೆ.”

ಕೋಕಿಲಾ ನೆಲಕ್ಕೆ ಕೈ ಬಡಿದು ನಕ್ಕಳು. ಮನೆಯೆಲ್ಲ ನಕ್ಕಿತು. ಅವನ ಕಿವಿ ಕೆಂಪಾದವು. ಆ ಕೆಂಪನ್ನು ನೋಡಿ ಗುಣವತಿಗೆ ನಗು ತಡೆಯಲಾಗದೆ, ಸೆರಗು ಬಾಯಿಗೆ ಹಿಡಿದು ಅಡಿಗೆಮನೆಗೆ ಓಡಿದಳು.

*

ಶಾಂತಪ್ಪ ಬಿಚ್ಚಿದ ಮಷಿನ್ನನ್ನು ಮತ್ತೆ ಜೋಡಿಸುವುದು ಒಂದು ದಿನದ ಕೆಲಸವಾಗಿರಲಿಲ್ಲ. ಉಳಿದ ನಾಲ್ಕರಲ್ಲೂ ಮೂರು ಕೆಟ್ಟಿದ್ದವು. ಚೇತನಕುಮಾರ ಗುರುವಾರಕ್ಕೊಮ್ಮೆ ಬರತೊಡಗಿದ. ಬಂದವನು ಮೊದಲು ಅಡಿಗೆಮನೆಯ ಬಾಗಿಲಿಗೆ ಹೋಗಿ, “ಬಟಾಣಿ ಅದಾವೇನ್ರಿ?” ಎನ್ನುವನು.

“ಇವತ್ತ ಮೆಂತೆ ಐತಿ.”

“ಸೋಸಾಕ ಬರ್ತೈತಿ.”

“ಮೆಕ್ಯಾನಿಕ್ ಆಗಿ ಬಂದೀರೋ, ನಮ್ಮ ಅಡಗಿ ಕೆಲಸಕ್ಕೋ?”

“ನೀವ ಹಚ್ಚಿದ ಕೆಲಸ ರಿ ಅದು. ನಾ ಎಲ್ಲಿ ಬಿಡ್ಲಿ?”

ಹೀಗೆ ಹೇಳುವಾಗ ಅವನು ಅವಳ ಮುಖ ನೋಡುತ್ತಿರಲಿಲ್ಲ, ಮೆಂತೆಯ ಕಟ್ಟು ನೋಡುತ್ತಿದ್ದ. ಅವಳು ಬೆನ್ನು ತಿರುಗಿಸಿದಾಗ ಮಾತ್ರ ನೋಡುತ್ತಿದ್ದ. ಒಗ್ಗರಣೆ ಡಬ್ಬಿಯ ಹೊಳೆಯುವ ಮುಚ್ಚಳದಲ್ಲಿ ಅದು ಅವಳಿಗೆ ಕಾಣುತ್ತಿತ್ತು. ಗುರುವಾರ ಬೆಳಿಗ್ಗೆ ಆ ಮುಚ್ಚಳವನ್ನು ಅವಳು ಯಾಕೆ ಅಷ್ಟು ತಿಕ್ಕುತ್ತಾಳೆಂದು ಕೋಕಿಲಾ ಒಮ್ಮೆ ಕೇಳಿಯೂ ಬಿಟ್ಟಳು.

ಗುಣವತಿಗೆ ಮೂವತ್ತಮೂರು. ನೋಡಲು ಬಂದ ಮೂರು ಗಂಡುಗಳೂ ಉಪ್ಪಿಟ್ಟು ತಿಂದು, ಕೈ ತೊಳೆದು, ಒಂದೇ ಮಾತು ಆಡಿಹೋಗಿದ್ದರು. ಹುಡುಗಿ ಛಲೋ ಅದಾಳ, ಆದರೆ ಅಂಥವರ ಜೊತೆಗಿನ ಆ ಕೆಲಸ ಬಿಡಬೇಕು. ಮೂರೂ ಸಲ ಅವಳೇ ಒಲ್ಲೆ ಅಂದಳು. “ಕೆಲಸಾನ ಲಗ್ನ ಆಗು ನೀ,” ಎಂದು ತಾಯಿ ಸುಗಲಮ್ಮ ತಟ್ಟೆ ಕುಕ್ಕಿದ್ದಳು.

ಅವಳ ಕೆಲಸದ ಸುದ್ದಿ ಎತ್ತಿದವರೆಲ್ಲ ಕೇಳುವುದು ಒಂದೇ: ಹೆದರಿಕೆ ಆಗುವುದಿಲ್ಲವೇ? ಚೇತನಕುಮಾರ ಅದನ್ನು ಕೇಳಲಿಲ್ಲ. ಒಂದು ಗುರುವಾರ, ಬಾಬಿನ್ನಿಗೆ ದಾರ ಸುತ್ತುತ್ತ ಕೇಳಿದ:

“ನೀವು ದಿನಾ ಎಲ್ಲಾರನೂ ಕೇಳ್ತೀರಿ, ರಾತ್ರಿ ನಿದ್ದಿ ಬಂತೇನು ಅಂತ. ನಿಮಗ ಯಾರು ಕೇಳ್ತಾರ್ರಿ?”

ಗುಣವತಿಯನ್ನು ಆರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

“ನಾ ಕೇಳಾಕತ್ತೀನಲ್ಲ, ಹೇಳ್ರಿ.”

“ಬುಧವಾರ ರಾತ್ರಿ ಮಾತ್ರ ಬರೂದಿಲ್ಲ,” ಎಂದವಳೇ ನಾಲಿಗೆ ಕಚ್ಚಿಕೊಂಡಳು. ಬುಧವಾರದ ಮರುದಿನ ಗುರುವಾರ. ಅವನ ಕೈಯ ದಾರ ಜಾರಿ, ಬಾಬಿನ್ ಉರುಳುತ್ತ ಶಾಂತಪ್ಪನವರ ಕಾಲ ಬುಡಕ್ಕೆ ಹೋಯಿತು. ಶಾಂತಪ್ಪ ಅದನ್ನೆತ್ತಿ, ಇಬ್ಬರನ್ನೂ ನೋಡಿ, ಮೀಸೆಯಲ್ಲೇ ನಕ್ಕರು.

*

ಜನವರಿಯ ಮೊದಲ ಗುರುವಾರ ಅವನು ಹೊಸ ಅಂಗಿ ಹಾಕಿಕೊಂಡು ಬಂದ. ಗುಂಡಿಗಳೆಲ್ಲ ಒಂದೇ ಬಣ್ಣ. ಅದನ್ನು ನೋಡುತ್ತಲೇ ಗುಣವತಿ ಹಿತ್ತಲಿಗೆ ನಡೆದಳು.

“ಒಂದ್ ಮಾತು ಕೇಳೂದೈತ್ರಿ,” ಎಂದ, ಹಿತ್ತಲ ಕಟ್ಟೆಯ ಬಳಿ ನಿಂತು.

“ಕೇಳಬ್ಯಾಡ್ರಿ.”

“ಇನ್ನಾ ಕೇಳೇ ಇಲ್ಲ!”

“ಕೇಳಿದ್ರ ನಾ ಹೂಂ ಅಂದಬಿಡ್ತೀನಿ. ಹೂಂ ಅನ್ನಾಂಗಿಲ್ಲ ನಾನು.” ಅವಳು ಕಟ್ಟೆಯ ಮೇಲೆ ಕುಳಿತಳು. “ನೀವು ನಲವತ್ತೊಂದನೇದವರು.”

ಆಮೇಲೆ ಎಲ್ಲ ಬಿಡಿಸಿ ಹೇಳಿದಳು. ಕೆಲಸಕ್ಕೆ ಸೇರುವಾಗ ಅವಳು ಸಹಿ ಹಾಕಿದ ಕಾಗದದಲ್ಲಿತ್ತು: ಪುಸ್ತಕದಲ್ಲಿ ಹೆಸರಿರುವ ಸದಸ್ಯರೊಂದಿಗೆ ಪ್ರೀತಿ, ಮದುವೆಯ ಮಾತು ಕೂಡದು. ಅವರು ಹೊರಟ ಮೇಲೂ ಒಂದು ವರ್ಷ ಕೂಡದು. ಎದೆಯ ನೋವು ಬಿಚ್ಚಿಟ್ಟವರ ಮೇಲೆ, ಕೇಳಿಸಿಕೊಂಡವರಿಗೆ ಗೊತ್ತಿಲ್ಲದಂತೆ ಒಂದು ಹಿಡಿತ ಬಂದುಬಿಡುತ್ತದೆ. ಆ ಹಿಡಿತ ಸಡಿಲವಾಗಲು ಒಂದು ವರ್ಷ.

“ಅದು ತಪ್ಪಿನಿಂದ ಬರದದ್ದಲ್ರಿ? ಗೆರಿ ಹೊಡದಬಿಡ್ರಿ.”

“ನಾ ಹೊಡ್ಯಾಂಗಿಲ್ಲ. ಯಮುನಾಬಾಯಾರೂ ಹೊಡ್ಯಾಂಗಿಲ್ಲ. ಇಲ್ಲಿರೋರ ಹೆಸರನ್ನ ಜನ್ಮ ಪೂರ್ತಿ ಬ್ಯಾರೇದವ್ರೇ ಬರದಾರ, ಬ್ಯಾರೇದವ್ರೇ ಹೊಡದಾರ. ಅದಕ್ಕ ಈ ಪುಸ್ತಕ ಅವರ ಕೈಯಾಗ ಐತಿ. ಸೋಮವಾರದ ಸದಸ್ಯರ ಸಭಾ ಒಪ್ಪಿದ್ರ ಗೆರಿ. ಇಲ್ಲಂದ್ರ ಇಲ್ಲ.”

ಅವನು ನೆಲ ನೋಡಿದ. ಅವಳು ಮೆಲ್ಲನೆ ಅಂದಳು, “ಇಲ್ಲಂದ್ರ ನಾ ಕೆಲಸ ಬಿಡಬೇಕು.”

“ಹಂಗ ಅನ್ನಬ್ಯಾಡ್ರಿ,” ಎಂದ ಅವನು ಥಟ್ಟನೆ. “ಈ ಕೆಲಸ ಮಾಡಾಕೀನ್ನ ನೋಡಿ ಬಂದೀನಿ ನಾನು. ಕೆಲಸ ಬಿಟ್ಟ ಗುಣವತಿ ಯಾರೋ ನನಗ ಗೊತ್ತಿಲ್ಲ.”

ಗುಣವತಿ ಆ ಮಾತನ್ನು ಮನೆಗೆ ಒಯ್ದಳು. ಸುಗಲಮ್ಮನಿಗೆ ಹೇಳಲಿಲ್ಲ. ನಾಲ್ಕು ದಿನ ಅದನ್ನು ಒಳಗೇ ಇಟ್ಟುಕೊಂಡು ನಡೆದಾಡಿದಳು.

*

ಸೋಮವಾರದ ಸಭೆಗೆ ಅಧ್ಯಕ್ಷೆ ಕೋಕಿಲಾ. ಮೇಜಿಗೆ ಲಟ್ಟಣಿಗೆಯಿಂದ ಎರಡೇಟು ಹಾಕಿದರೆ ಸಭೆ ಶುರು. ಕೆಲಸದವರು ಗೋಡೆಯ ಬದಿ ಕೂರಬೇಕು, ಬಾಯಿ ಬಿಡುವಂತಿಲ್ಲ. ಗುಣವತಿ ಯಮುನಾಬಾಯಿಯ ಪಕ್ಕ ಕುಳಿತು ಸೆರಗಿನ ತುದಿ ಸುತ್ತುತ್ತಿದ್ದಳು.

“ನಲವತ್ತೊಂದನೇ ಹೆಸರು ತೆಗೀಬೇಕಂತ ಅರ್ಜಿ ಬಂದೈತಿ,” ಎಂದಳು ಕೋಕಿಲಾ. “ಯಾಕ ಅಂತ ಎಲ್ಲಾರಿಗೂ ಗೊತ್ತೈತಿ. ಗೊತ್ತಿಲ್ಲದೋರು ಒಗ್ಗರಣಿ ಡಬ್ಬಿ ಮುಚ್ಚಳ ಕೇಳ್ರಿ.”

ನಗೆ ಎದ್ದಿತು. ಗುಣವತಿ ಕಣ್ಣು ಮುಚ್ಚಿಕೊಂಡಳು.

“ನಕ್ಕೋ, ನಕ್ಕೋ!” ಎಂದರು ಶಾಂತಪ್ಪ, ಬೇಡವೆಂದು ಎರಡೂ ಕೈ ಆಡಿಸಿ. “ಹೆಸರು ತಗದ್ರ ಅಂವ ಹೋಗ್ತಾನ. ನಾಲ್ಕನೇ ಮಷಿನ್ ಇನ್ನಾ ಬಾಕಿ ಐತಿ.”

“ಮಷಿನ್ ಮಾತು ಆಮ್ಯಾಲೆ ಕಾಕಾ.” ಕೋಕಿಲಾ ಲಟ್ಟಣಿಗೆಯನ್ನು ಚೇತನಕುಮಾರನ ಕಡೆ ಚಾಚಿದಳು. ಈಗ ಅವಳು ನಗುತ್ತಿರಲಿಲ್ಲ. “ಅಣ್ಣಾ, ಒಂದ ಕೇಳ್ತೀನಿ, ಖರೇ ಹೇಳು. ನಮ್ಮ ಪುಸ್ತಕದಾಗ ನಿನ್ನ ಹೆಸರು ಐತಿ ಅಂತ ನಿನಗ ನಾಚಿಕಿ ಐತೇನು?”

ಹೊರಗೆ ಸ್ಟೇಷನ್ನಿನಲ್ಲಿ ಗಾಡಿಯೊಂದು ನಿಂತ ಸದ್ದು ಕೇಳಿಸಿತು.

ಉತ್ತರ ಸಲೀಸಾಗಿತ್ತು. ನಾಚಿಕೆ ಇಲ್ಲ, ಆದರೆ ಅದೊಂದು ತಪ್ಪು, ನಾನು ಸದಸ್ಯ ಅಲ್ಲ. ಅಷ್ಟು ಅಂದರೆ ಸಾಕು, ಗೆರೆ ಬೀಳುತ್ತದೆ, ಈ ಸಂಜೆಯೇ ಅವನು ಸುಗಲಮ್ಮನ ಮನೆಗೆ ಬರಬಹುದು. ಹೇಳು, ಹೇಳಿಬಿಡು, ಎಂದಿತು ಗುಣವತಿಯ ಮನಸ್ಸು. ಹಾಗೆ ಅನ್ನುತ್ತಲೇ ಅದಕ್ಕೆ ತನ್ನ ಮೇಲೆ ತನಗೇ ಸಿಟ್ಟು ಬಂತು. ಎದುರಿಗೆ ಅಷ್ಟೂ ಮುಖ ಕಾಯುತ್ತಿದ್ದವು. ಅವರ ಗುರುತು ಹೇಳಲು ಹೇಸಿದ ಅಣ್ಣತಮ್ಮಂದಿರು ಎಷ್ಟೋ ಮಂದಿ ಇದ್ದರು.

ಚೇತನಕುಮಾರ ಎದ್ದುನಿಂತ.

“ತಪ್ಪಿನಿಂದ ಬರದೆ ಅಂತ ಹೇಳಾಕ ಬಂದಿದ್ದೆ,” ಎಂದ. “ಈಗ ಬಾಯಿ ಬರಾಕತ್ತಿಲ್ಲ. ಆವತ್ತ ಮಷಿನ್ ಸಲುವಾಗಿ ಬಂದಿದ್ದೆ, ಅದು ಖರೇ. ಆದ್ರ ಎಂಟು ತಿಂಗಳದಾಗ ನನ್ನ ಯಾರೂ ನಿದ್ದಿ ಬಂತೇನು ಅಂತ ಕೇಳಿರಲಿಲ್ಲ. ಇಲ್ಲಿ ಕೇಳಿದ್ರು. ಬಟಾಣಿ ಸುಲಿಸಿದ್ರು. ಆವತ್ತ ರಾತ್ರಿ ರೇಡಿಯೋ ಹಚ್ಚೂದನ್ನ ಮರತು ಮಲಗೀನಿ. ನಾನೂ ನಿಮ್ಮಾಂವ ಆದೆ. ಗೆರಿ ಹೊಡದ್ರ ಸುಳ್ಳು ಬರದಂಗ ಆಗ್ತೈತಿ. ಹೆಸರು ಇರಲಿ.”

ಗುಣವತಿಯ ಕಣ್ಣು ತುಂಬಿದವು. ಸಿಗಲಿಕ್ಕಿದ್ದುದು ಕೈಜಾರಿತು. ಆದರೆ ಈ ಮನುಷ್ಯನ ಮೇಲೆ ಈಗ ಇರುವಷ್ಟು ಪ್ರೀತಿ ಒಂದು ಗಳಿಗೆಯ ಹಿಂದೆ ಇರಲಿಲ್ಲ.

“ಹಂಗಾರ?” ಎಂದಳು ಕೋಕಿಲಾ.

“ಆ ಪುಸ್ತಕದಾಗ ಹೆಸರಿನ ಮುಂದ ಕಡೀ ಖಾನೆ ಒಂದು ಐತಲ್ಲ, ‘ಹೊರಟ ದಿನ’ ಅಂತ. ಅಲ್ಲಿ ಇವತ್ತಿನ ತಾರೀಖು ಬರೀರಿ. ಈಗ ಒಬ್ಬಾಂವಗೇ ರೊಟ್ಟಿ ಬಡೀತೀನಿ. ಉಂಡು ಮಲಗ್ತೀನಿ, ನಿದ್ದಿ ಬರ್ತೈತಿ. ಮನೀಗೆ ಹೋಗೂ ಹಂಗ ಆಗೀನಿ.” ಅವನು ಮೊದಲ ಬಾರಿಗೆ, ಎಲ್ಲರೆದುರು, ನೆಟ್ಟಗೆ ಗುಣವತಿಯನ್ನು ನೋಡಿದ. “ಒಂದು ವರ್ಷ ಕಾಯಾಂವ ಕಾಯ್ತೀನಿ. ಕಾಯಾಕ ಬರ್ತೈತಿ ನನಗ.”

ಯಮುನಾಬಾಯಿ ನಿಯಮ ಮುರಿದು, ಗುಣವತಿಯ ಕಿವಿಯಲ್ಲಿ ಅಂದಳು, “ತಂಗಿ, ಇಂವ ಖರೇ ಛಲೋ ಹುಡುಗ.”

ಕೋಕಿಲಾ ಲಟ್ಟಣಿಗೆ ಎತ್ತಿ, “ಒಪ್ಪಿಗಿ ಇದ್ದೋರು ಕೈ ಎತ್ರಿ,” ಎಂದಳು. ಎಲ್ಲ ಕೈ ಎದ್ದವು, ಶಾಂತಪ್ಪನವರದು ಮಾತ್ರ ಇಲ್ಲ. “ಕಾಕಾ?”

“ಗುರುವಾರ ಬರ್ತಾನೇನು, ಅದನ್ನ ಮೊದಲ ಬರಸಿಕೋ.”

“ಬರ್ತೀನಿ ಕಾಕಾ.”

ಆಗ ಅವರೂ ಕೈ ಎತ್ತಿದರು. ಹೊರಟವರಿಗೆ ಹೋಳಿಗೆ ಮಾಡುವುದು ಆ ಮನೆಯ ರೂಢಿ. ಆರು ವರ್ಷದಲ್ಲಿ ಅದು ಎಂಟನೆಯ ಹೋಳಿಗೆ. ಹೂರಣ ರುಬ್ಬಿದ್ದು ಗುಣವತಿ. ಬಡಿಸಿದ್ದು ಮಾತ್ರ ಕೋಕಿಲಾ. “ನೀ ಬಡಿಸಾಂಗಿಲ್ಲ, ಇವತ್ತಿನಿಂದ ವರ್ಷದ ಲೆಕ್ಕ,” ಎಂದು ಅವಳ ಕೈಯಿಂದ ತುಪ್ಪದ ಗಿಂಡಿ ಕಸಿದುಕೊಂಡಿದ್ದಳು.

*

ಆ ವರ್ಷವನ್ನು ಇಡೀ ‘ಅಂಗಳ’ವೇ ಕಾವಲು ಕಾಯಿತು. ಗುರುವಾರ ಅವನು ಬಂದರೆ ಅವರಿಬ್ಬರ ನಡುವೆ ಕೋಕಿಲಾ ಗೋಡೆಯಂತೆ ಕೂರುವಳು. “ಮೆಣಸಿನಕಾಯಿ ಬಜಿ ಛಲೋ ಆಗ್ಯಾವ ಅಂತ ಹೇಳ್ರಿ ಕೋಕಿಲಾ ಅಕ್ಕಾ,” ಎನ್ನುವನು ಅವನು. “ಕೇಳಸ್ತು ಅಂತ ಹೇಳು ಅವರಿಗೆ,” ಎನ್ನುವಳು ಇವಳು. ನಡುವೆ ಕೂತ ಕೋಕಿಲಾ ಎರಡೂ ಕಡೆಯ ಬಜಿ ತಿನ್ನುವಳು. ಐದೂ ಮಷಿನ್ನುಗಳು ಓಡತೊಡಗಿದವು. ಶಾಂತಪ್ಪ ವಾರಕ್ಕೆ ಎರಡು ದಿನ ನಾಂಪಲ್ಲಿಯ ಅಂಗಡಿಗೇ ಕೆಲಸಕ್ಕೆ ಹೊರಟರು, ಈಗ ನಿಜವಾದ ರಿಪೇರಿಗೆ. ಸುಗಲಮ್ಮ ಒಂದು ದಿನ ತಾನೇ ‘ಅಂಗಳ’ಕ್ಕೆ ಬಂದು, ಹುಡುಗನನ್ನು ಮೇಲಿಂದ ಕೆಳಗೆ ನೋಡಿ, “ರೊಟ್ಟಿ ಬಡ್ಯಾಕ ಬರ್ತೈತಂತಲ್ಲ?” ಎಂದಷ್ಟೇ ಕೇಳಿ, ಅಷ್ಟಕ್ಕೇ ಸಮಾಧಾನಗೊಂಡು ಹೋದಳು.

ಮತ್ತೆ ಜನವರಿ ಬಂತು. ನಾಂಪಲ್ಲಿಯ ವಸ್ತುಪ್ರದರ್ಶನವಾದ ನುಮಾಯಿಷ್‌ಗೆ ‘ಅಂಗಳ’ದವರೆಲ್ಲ ಒಟ್ಟಾಗಿ ಹೋಗುವುದು ಪ್ರತಿ ವರ್ಷದ ಪದ್ಧತಿ. ಸಂಜೆ ನಾಲ್ಕರ ಎಳೆಬಿಸಿಲು, ಬಳೆಯಂಗಡಿ, ಶಾಲುಗಳ ಅಂಗಡಿ, ಸುತ್ತಲೂ ಹಪ್ಪಳ ಕರಿದ ಘಮ. ಎಲ್ಲರೂ ಜೈಂಟ್ ವೀಲಿನ ಸಾಲಿನಲ್ಲಿ ನಿಂತರು. ತೊಟ್ಟಿಲು ಬಂದು ನಿಂತಾಗ, ಎಂದಿನಂತೆ ಗುಣವತಿ, ಚೇತನಕುಮಾರರ ನಡುವೆ ಇದ್ದ ಕೋಕಿಲಾ ಹಣೆಗೆ ಕೈಯಿಟ್ಟುಕೊಂಡಳು.

“ನನಗ್ಯಾಕೋ ತಲಿ ತಿರಗಾಕತ್ತೈತಿ. ನೀವಿಬ್ರೂ ಹತ್ರಿ.”

“ಇನ್ನಾ ಹತ್ತೇ ಇಲ್ಲಲ್ಲ, ಆಗ್ಲೇ ಹೆಂಗ ತಿರಗ್ತೈತಿ?” ಎಂದಳು ಗುಣವತಿ.

“ಹುಚ್ಚಿ, ನಿನ್ನೆಗೆ ವರ್ಷ ತುಂಬೇತಿ. ನಾ ದಿನಾ ಗೀರು ಹಾಕೀನಿ. ಹತ್ತು ಸುಮ್ನ!”

ತೊಟ್ಟಿಲು ಮೇಲೇರಿತು. ಕೆಳಗೆ ಶಾಂತಪ್ಪ ಕೈ ಬೀಸುತ್ತಿದ್ದರು. ಪಕ್ಕದಲ್ಲೇ ಯಾವ ಗೋಡೆಯೂ ಇಲ್ಲದೆ ಅವನಿದ್ದ. ವರ್ಷವಿಡೀ ಕೂಡಿಟ್ಟ ಮಾತುಗಳಲ್ಲಿ ಒಂದೂ ಇಬ್ಬರಿಗೂ ನೆನಪಾಗಲಿಲ್ಲ.

ಕೊನೆಗೆ ಅವನೇ ಕೇಳಿದ, “ನಿನ್ನೆ ರಾತ್ರಿ ನಿದ್ದಿ ಬಂತೇನ್ರಿ?”

“ಇಲ್ಲ.”

“ಬುಧವಾರ ಅಲ್ಲಲ್ರಿ ನಿನ್ನೆ?”

“ಅಲ್ಲ.” ಅವಳು ಸೆರಗಿನ ತುದಿ ಬಿಟ್ಟು, ಅವನ ಅಂಗಿಯ ತೋಳಿನ ತುದಿ ಹಿಡಿದಳು. ಅವನು ಮತ್ತೆ ಆ ಹಳೆಯ ಅಂಗಿಯನ್ನೇ ಹಾಕಿಕೊಂಡು ಬಂದಿದ್ದ. ಬೇರೆ ಬಣ್ಣದ ಗುಂಡಿ ಬಿಸಿಲಿಗೆ ಹೊಳೆಯುತ್ತಿತ್ತು. “ಇನ್ನಾ ಒಬ್ಬರಿಗೇ ಬಡೀತೀರೇನ್ರಿ ರೊಟ್ಟಿ?”

“ಹೂಂ ರಿ. ಮೂರ ರೊಟ್ಟಿ. ಉಳಿಯೂದಿಲ್ಲ.”

ತೊಟ್ಟಿಲು ಎಲ್ಲಕ್ಕಿಂತ ಮೇಲೆ ಬಂದು ನಿಂತಿತು. ಕೆಳಗೆ ಇಡೀ ಊರು ಬಟಾಣಿ ಹರವಿದಂತೆ ಕಂಡಿತು. ಗುಣವತಿ ದೂರ ನೋಡುತ್ತ, ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಅಂದಳು:

“ನಾಳಿಂದ ಹಿಟ್ಟು ಸ್ವಲ್ಪ ಜಾಸ್ತಿ ನಾದ್ರಿ. ನಮ್ಮವ್ವನ್ನೂ ಹಿಡದು ಮೂರು ಮಂದಿ ಆಗ್ತೇವಿ.”